ಕಲ್ಲೆಂದರೆ ಕಲ್ಲು, ಹೆಂಡವಲ್ಲ

ಮಾನ್ಯ ದೂರು ಪರಿಹಾರಾಧಿಕಾರಿಗಳೇ,

ನೀವು ಮನುಷ್ಯರೋ, ತಾನಾಗಿ ಉತ್ತರ ಬರೆಯುವ ಯಂತ್ರವೋ ನನಗೆ ತಿಳಿದಿಲ್ಲ. ಎರಡಕ್ಕೂ ಸಲ್ಲಲಿ ಎಂದು 'ಮಾನ್ಯ' ಎಂದಿದ್ದೇನೆ. ಗೌರವದಿಂದ ಅಂದೆನೆಂದು ತಪ್ಪು ತಿಳಿಯಬೇಡಿ. ವಿಷಯ ಇಷ್ಟು: ಕಂಡವರ ಮೊಬೈಲಿನಲ್ಲೆಲ್ಲ ಕುಳಿತಿರುವ ನಿಮ್ಮ ಕಂಪನಿ, ಜನ್ಮದಲ್ಲಿ ಹೆಂಡ ಮುಟ್ಟದ ಒಬ್ಬರನ್ನು ಊರಿಗೆಲ್ಲ ಕುಡುಕರೆಂದು ಸಾರಿ, ಅವರ ಮಗಳ ಮದುವೆ ಮುರಿದಿದೆ. ದೂರು ಕೊಟ್ಟಾಗಲೆಲ್ಲ 'ನಿಮ್ಮ ಅನುಭವ ನಮಗೆ ಅಮೂಲ್ಯ' ಎಂಬ ಉತ್ತರ ಬಂತು. ಅಷ್ಟು ಅಮೂಲ್ಯವಾದದ್ದನ್ನು ನಿಮ್ಮೊಬ್ಬರಿಗೇ ಕೊಡಲು ಮನಸ್ಸಾಗದೆ, ಈ ಸಲ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಹಂಪಯ್ಯನವರು ಯಾದಗಿರಿ ಕಡೆಯವರು. ಈಗ ಈ ತೆಲುಗು ಊರಿನ ಮಿಯಾಪುರದ ಅಪಾರ್ಟ್‌ಮೆಂಟುಗಳಲ್ಲಿ ನೆಲಕ್ಕೆ ಕಲ್ಲು ಹಾಸುವ ಕೆಲಸ. ಉಪ್ಪಲ್‌ನಲ್ಲಿ ನಾನು ಮನೆ ಕಟ್ಟಿಸಿದಾಗ ಅಂಗಳಕ್ಕೆ ಶಹಾಬಾದ್ ಕಲ್ಲು ಹಾಸಿದವರು ಅವರೇ. ಆಗಿನಿಂದ ನಮ್ಮ ಮನೆಯವರಂತೆ ಆಗಿದ್ದಾರೆ. ಕೊರಳಲ್ಲಿ ಲಿಂಗ. ಪೂಜೆ ಮುಗಿಯುವ ತನಕ ಚಹಾ ಕೂಡ ಮುಟ್ಟುವವರಲ್ಲ. ಅವರು ಹೊಸ ಮೊಬೈಲು ಕೊಂಡಾಗ ಅಂಗಡಿಯವನು ಅದನ್ನು ತೆಲುಗಿಗೆ ಹೊಂದಿಸಿ ಕೊಟ್ಟ. ಟೈಪ್ ಮಾಡಲು ಬಾರದ ಹಂಪಯ್ಯನವರು ನಿಮ್ಮ ಹುಡುಕುವ ಜಾಗದಲ್ಲಿ ಮೈಕಿನ ಗುರುತು ಒತ್ತಿ ಮಾತಾಡುತ್ತಿದ್ದರು. "ಚಲೋ ಕಲ್ಲು ಎಲ್ಲಿ ಸಿಗತಾವು?" "ಅಗ್ಗದ ಕಲ್ಲು ಅದಾವೇನು?" ಕಲ್ಲಿನ ಕೆಲಸದವರು ಇನ್ನೇನು ಕೇಳಬೇಕಿತ್ತು, ಮಲ್ಲಿಗೆ ಹೂವೇ?

ಆದರೆ ತೆಲುಗಿನಲ್ಲಿ ಕಲ್ಲು ಎಂದರೆ ಹೆಂಡ. ಇದು ನಿಮ್ಮ ಮಹಾಬುದ್ಧಿಯ ಯಂತ್ರಕ್ಕೆ ಗೊತ್ತಿತ್ತು. ಕನ್ನಡದಲ್ಲಿ ಕಲ್ಲು ಎಂದರೆ ಬರೀ ಕಲ್ಲು ಎಂಬುದು ಗೊತ್ತಿರಲಿಲ್ಲ. ಬೆಳಗಿನಿಂದ ಸಂಜೆತನಕ ಹೆಂಡ ಹೆಂಡ ಎಂದು ಬಾಯಿಬಿಡುವ ಗಿರಾಕಿ ಸಿಕ್ಕನೆಂದು ಅದು ಹಿಗ್ಗಿತು. ಕೆಲವೇ ದಿನಗಳಲ್ಲಿ ಕುಡಿತ ಬಿಡಿಸುವ ಕೇಂದ್ರವೊಂದರ ಜಾಹೀರಾತು ಅವರ ಪರದೆಯ ಮೇಲೆ ಠಿಕಾಣಿ ಹೂಡಿತು. ಅದನ್ನು ತೊಲಗಿಸಬೇಕಾದರೆ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟಿರುವ ಗುರುತನ್ನೇ ಒತ್ತಬೇಕು. ಅದನ್ನು ಅಷ್ಟು ಸಣ್ಣದಾಗಿ ಇಟ್ಟ ಪುಣ್ಯಾತ್ಮರು ಕಲ್ಲು ಹೊತ್ತ ಬೆರಳನ್ನು ಎಂದಾದರೂ ನೋಡಿದ್ದಾರೆಯೇ? ಬೆರಳು ಜಾರಿ 'ಮೆಚ್ಚುಗೆ'ಯ ಮೇಲೆ ಬಿತ್ತು. ನಿಮಗೆ ಅಷ್ಟೇ ಬೇಕಾಗಿತ್ತು. ಬಂಧುಬಳಗದವರೆಲ್ಲರ ಮೊಬೈಲಿನಲ್ಲಿ ಆ ಜಾಹೀರಾತಿನ ನೆತ್ತಿಯ ಮೇಲೆ 'ಹಂಪಯ್ಯ ಇದನ್ನು ಮೆಚ್ಚಿದ್ದಾರೆ' ಎಂದು ಬಂತು. ಜೊತೆಗೆ ವಿಭೂತಿ ಹಚ್ಚಿಕೊಂಡ ಅವರ ಫೋಟೊ.

ಹಿಂದೆಯೂ ಇಂಥ ಜಾಹೀರಾತುಗಳಿದ್ದವು, ಸ್ವಾಮಿ. ಬಸ್ ನಿಲ್ದಾಣದ ಗೋಡೆಗಳ ಮೇಲೆ 'ಕುಡಿತ ಬಿಡಿಸುತ್ತೇವೆ' ಎಂದು ದಪ್ಪ ಅಕ್ಷರದಲ್ಲಿ ಬರೆದಿರುತ್ತಿತ್ತು. ಓದಿದವರನ್ನೆಲ್ಲ ಯಾರೂ ಕುಡುಕರೆನ್ನಲಿಲ್ಲ, ಏಕೆಂದರೆ ಗೋಡೆ ಯಾರ ಹೆಸರನ್ನೂ ಹಿಡಿದು ಕರೆಯುತ್ತಿರಲಿಲ್ಲ. ನೀವು ಬಂದು ಗೋಡೆಗೆ ಕಣ್ಣು, ಕಿವಿ, ಬಾಯಿ ಎಲ್ಲ ಕೊಟ್ಟಿರಿ. ಮಿದುಳು ಕೊಡುವುದನ್ನು ಮಾತ್ರ ಮರೆತಿರಿ. ಪತ್ರಿಕೆಯಲ್ಲಿ ತಪ್ಪು ಅಚ್ಚಾದರೆ ಕಚೇರಿಗೆ ಹೋಗಿ ಮೇಜು ಗುದ್ದಬಹುದಿತ್ತು. ನಿಮ್ಮ ಮೇಜು ಎಲ್ಲಿದೆ? ಹುಡುಕಿಕೊಂಡು ನಿಮ್ಮ ಗಾಜಿನ ಕಟ್ಟಡಕ್ಕೂ ಬಂದಿದ್ದೆ. "ಅಪಾಯಿಂಟ್‌ಮೆಂಟ್ ಹೈ ಕ್ಯಾ, ಅಮ್ಮಾ?" ಎಂದು ಕಾವಲುಗಾರ ಬಾಗಿಲಲ್ಲೇ ತಡೆದ. ಅಲ್ಲಿಂದಲೇ ಒಳಗಿನ ನೆಲ ನೋಡಿದೆ. ನೀವು ದಿನಾ ತುಳಿದು ಓಡಾಡುವುದೂ ಕಲ್ಲಿನ ಮೇಲೆಯೇ.

ಹಂಪಯ್ಯನವರ ಮಗಳು ರೇಣುಕಾ ಲ್ಯಾಬೊಂದರಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆ. ಮಲ್ಕಾಜ್‌ಗಿರಿಯ ರೈಲ್ವೆ ನೌಕರ ವೈಜನಾಥ ಅವರ ಮಗ ಆನಂದಕುಮಾರನಿಗೂ ಅವಳಿಗೂ ಸಂಬಂಧ ಕುದುರಿಸಿದವಳು ನಾನು. ಇಬ್ಬರೂ ಒಪ್ಪಿದ್ದರು, ಕೆಲಸ ಮುಗಿದ ಮೇಲೆ ಮೆಟ್ರೊ ನಿಲ್ದಾಣದಲ್ಲಿ ಒಬ್ಬರಿಗಾಗಿ ಒಬ್ಬರು ಕಾಯುವಷ್ಟು ಒಪ್ಪಿದ್ದರು. ನಿಶ್ಚಯಕ್ಕೆ ದಿನ ನೋಡಿ ಆಗಿತ್ತು. ಅಷ್ಟರಲ್ಲಿ ವೈಜನಾಥ ಮೊಬೈಲು ಹಿಡಿದುಕೊಂಡು ನಮ್ಮ ಮನೆಗೆ ಬಂದರು.

"ಅಕ್ಕಾರ, ಮಂದಿ ಕುಡೀತಾರ, ಅದಿರಲಿ ಬಿಡ್ರಿ. ಮುಚ್ಚಿಟ್ಟು ಸಂಬಂಧ ಮಾಡೂದು ಸರಿ ಏನ್ರಿ?"

ಹಂಪಯ್ಯನವರನ್ನು ಕರೆಸಿದೆ. "ಬೀಗರ, ನಾ ಕುಡ್ಯಾಂಗಿಲ್ರಿ. ಲಿಂಗದ ಮ್ಯಾಲ ಆಣಿ ಮಾಡ್ತೀನ್ರಿ," ಎಂದರು.

"ಕುಡೀಲಾರದವ್ರಿಗೆ ಕುಡತ ಬಿಡಸೂ ದವಾಖಾನಿ ಯಾಕ ಬೇಕ್ರಿ?"

ಇದಕ್ಕೆ ಉತ್ತರ ನಿಮ್ಮಲ್ಲಿದೆಯೇ? ಸ್ವಲ್ಪ ದಿನ ನೋಡೋಣ ಎಂದು ವೈಜನಾಥ ಹೊರಟುಹೋದರು. ನಾನು ನಿಮ್ಮ ಹಾದಿಯಲ್ಲೇ ನಡೆಯೋಣವೆಂದು ದುಡ್ಡು ಕಟ್ಟಿ ಒಂದು ಜಾಹೀರಾತು ಕೊಟ್ಟೆ: 'ಹಂಪಯ್ಯನವರು ಕುಡಿಯುವುದಿಲ್ಲ.' ನಿಮ್ಮವರು ತಿರಸ್ಕರಿಸಿದರು. ಕಾರಣ, ಮದ್ಯಪಾನಕ್ಕೆ ಸಂಬಂಧಿಸಿದ ಪ್ರಚಾರಕ್ಕೆ ನಿಮ್ಮಲ್ಲಿ ಅವಕಾಶವಿಲ್ಲವಂತೆ! ಕುಡಿಯುತ್ತಾರೆಂದು ಸಾರಲು ಅಡ್ಡಿಯಿಲ್ಲ, ಕುಡಿಯುವುದಿಲ್ಲ ಎನ್ನುವುದು ಅಪರಾಧ. ಎಂಥ ಶೀಲವಂತರು ನೀವು!

ಇತ್ತ ರೇಣುಕಾ ತಂದೆಗೆ ಬುದ್ಧಿ ಹೇಳಿದಳು. "ಅಪ್ಪಾ, ಇನ್ನ ಮ್ಯಾಲ ಫೋನಿನ್ಯಾಗ ಕಲ್ಲು ಅನಬ್ಯಾಡ. ಹಿಂದಿಯಾಗ ಪತ್ಥರ್ ಅನ್ನು." ಪಾಪ, ಅವರು ಹಾಗೆಯೇ ಮಾಡಿದರು. ಕುಡಿತ ಬಿಡಿಸುವ ಜಾಹೀರಾತು ಕಡಿಮೆಯಾಯಿತೆಂದು ಧೈರ್ಯ ಬಂದು, ವೈಜನಾಥರು ಮಗನನ್ನು ಕರೆದುಕೊಂಡು ಮತ್ತೆ ಬಂದಾಗ ಮೊಬೈಲನ್ನೇ ಅವರ ಕೈಗಿಟ್ಟರು. "ನೀವ ತಗದು ನೋಡ್ರಿ ಬೀಗರ, ನನ್ನ ಫೋನಿನ್ಯಾಗ ಏನೈತಿ." ವೈಜನಾಥ ತೆಗೆದರು. ಪತ್ಥರ್ ಎಂಬುದನ್ನು ನಿಮ್ಮ ಯಂತ್ರ ಪಥರಿ ಎಂದು ಕೇಳಿಸಿಕೊಂಡಿತ್ತು. ಪರದೆಯ ತುಂಬ ಮೂತ್ರಪಿಂಡದ ಕಲ್ಲು ಕರಗಿಸುವ ಆಸ್ಪತ್ರೆಯ ಚಿತ್ರಗಳು.

"ಕುಡದು ಕುಡದು ಕಿಡ್ನೀನೂ ಹೋಗ್ಯಾವ," ಎಂದು ವೈಜನಾಥ ಎದ್ದು ನಿಂತರು. ಆನಂದಕುಮಾರ ಅಪ್ಪನ ಹಿಂದೆಯೇ ಹೊರಟ. ರೇಣುಕಾಳ ಮುಖ ನೋಡುವ ಧೈರ್ಯವೂ ಅವನಿಗಿರಲಿಲ್ಲ. ಈಗ ಅವನಿಗೆ ಬೇರೆ ಕಡೆ ನಿಶ್ಚಯವಾಗಿದೆ. ಆ ನಿಶ್ಚಯದ ಫೋಟೊಗಳನ್ನು ರೇಣುಕಾಳ ಮೊಬೈಲಿಗೆ ತಪ್ಪದೆ ತಲುಪಿಸಿದವರೂ ನೀವೇ. ಅಲ್ಲಿ ಮಾತ್ರ ನಿಮ್ಮ ಯಂತ್ರ ಯಾರನ್ನೂ ತಪ್ಪು ತಿಳಿಯಲಿಲ್ಲ.

ನನಗೆ ನಿಮ್ಮ ಮೇಲೆ ಸಿಟ್ಟಿದೆ. ಸಣ್ಣ ಸಿಟ್ಟಲ್ಲ. ನಿಮ್ಮ ಮನೆಯಲ್ಲಿ ಮದುವೆ ಗೊತ್ತಾದ ವಾರ, ಬೀಗರೆಲ್ಲರ ಮೊಬೈಲಿನಲ್ಲಿ ನಿಮ್ಮ ನಗುಮುಖದ ಕೆಳಗೆ ಮೂಲವ್ಯಾಧಿಯ ಮುಲಾಮು ಬರಲಿ ಎಂದು ಮನಸಾರೆ ಹಾರೈಸುತ್ತೇನೆ. ಅದು ಸುಳ್ಳೆಂದು ನೀವು ಹೇಗೆ ಸಾಬೀತು ಮಾಡುತ್ತೀರೆಂದು ಕುರ್ಚಿ ಹಾಕಿಕೊಂಡು ನೋಡುವ ಆಸೆ ನನಗೆ.

ಮೊನ್ನೆ ನಮ್ಮ ಅಂಗಳದಲ್ಲಿ ಒಡೆದದ್ದೊಂದನ್ನು ಬದಲಿಸಲು ಹಂಪಯ್ಯನವರು ಬಂದಿದ್ದರು. ರೇಣುಕಾ ಜೊತೆಗಿದ್ದಳು. "ಅದನ್ನ ಇತ್ತ ಕೊಡವ್ವ," ಎಂದು ಕೈ ಚಾಚಿದರು. "ಯಾವುದಪಾ?" ಎಂದಳು. ಹೇಳಲು ಬಾಯಿ ತೆರೆದವರು ಕಟ್ಟೆಯ ಮೇಲಿದ್ದ ಮೊಬೈಲನ್ನು ನೋಡಿ ಬಾಯಿ ಮುಚ್ಚಿಕೊಂಡರು. ಆಮೇಲೆ ತಾವೇ ಎದ್ದು ಹೋಗಿ ಎತ್ತಿಕೊಂಡು ಬಂದರು. ಜೀವಮಾನವೆಲ್ಲ ಅನ್ನ ಕೊಟ್ಟ ಒಂದು ಮಾತು, ಈಗ ಅದನ್ನು ಆಡಲು ಅವರಿಗೆ ಹೆದರಿಕೆ.

ಆದ್ದರಿಂದ ನನ್ನ ಬೇಡಿಕೆ. ಪರಿಹಾರಧನ ಬೇಡ, ವಿಷಾದದ ಪತ್ರವೂ ಬೇಡ. ಮೊದಲಿನ ಜಾಹೀರಾತು ಯಾರಿಗೆಲ್ಲ ತೋರಿಸಿದಿರೋ ಅವರಿಗೆಲ್ಲ, ವೈಜನಾಥರಿಗೆ ಮೊದಲು, ಇದನ್ನು ತೋರಿಸಿ: 'ಹಂಪಯ್ಯನವರು ಕುಡಿಯುವುದಿಲ್ಲ. ನಮಗೆ ಕನ್ನಡ ಬರುವುದಿಲ್ಲ.' ಕೆಳಗೆ ನಿಮ್ಮ ಹೆಸರು ಮತ್ತು ಫೋಟೊ ಇರಲಿ. ಮೆಚ್ಚುಗೆ ಒತ್ತುವ ಕೆಲಸ ನಮಗೆ ಬಿಡಿ.

ಇಂತಿ,
ಹಿಂದೆ ದೂರು ಕೊಟ್ಟ ತಪ್ಪಿಗೆ ಕುಡುಕರ ಮನೆಯವಳೆಂದು ನಿಮ್ಮ ಲೆಕ್ಕಕ್ಕೆ ಸೇರಿ, 'ಗಂಡನಿಗೆ ಗೊತ್ತಾಗದಂತೆ ಊಟದಲ್ಲಿ ಬೆರೆಸಿ' ಎಂಬ ಪುಡಿಯ ಜಾಹೀರಾತನ್ನು ದಿನಾ ನೋಡುತ್ತಿರುವ ವಿಧವೆ,
ಶೈಲಾ, ಉಪ್ಪಲ್