ಚೀಟಿಯ ಕೆಳಗಿನ ಚೀಟಿ

ಮ್ಯಾನೇಜರ್ ಸಾಹೇಬರಿಗೆ,

ದಿನಸಿ ವಿಭಾಗದಲ್ಲಿ ಬೆಲೆ ಚೀಟಿ ಅಂಟಿಸುವವಳ ನಮಸ್ಕಾರ. ಎದುರಿಗೆ ನಿಂತರೆ ಮಾತು ಹೊರಡುವುದಿಲ್ಲವೆಂದು ಬರೆಯುತ್ತಿದ್ದೇನೆ.

ಸೋಮವಾರ ಎಣ್ಣೆ ಬಾಟಲಿಯ ಹೊಸ ಬೆಲೆಯ ಚೀಟಿ ಕಿತ್ತು, ಅಡಿಯಲ್ಲಿದ್ದ ಹಳೇ ಬೆಲೆ ತೋರಿಸಿ ಕೌಂಟರಿನಲ್ಲಿ ಸಿಕ್ಕಿಬಿದ್ದ ಮುದುಕಿ ನಮ್ಮತ್ತೆ. ಹಳೇ ಚೀಟಿ ತೆಗೆದೇ ಹೊಸದು ಅಂಟಿಸಬೇಕೆಂದು ನೀವು ಹೇಳಿದ್ದಿರಿ. ಈ ತಿಂಗಳು ಮೂರು ಸಲ ಬೆಲೆ ಏರಿತು. ಕೆರೆದು ಕೆರೆದು ಕೈ ಸೋತು, ಒಂದರ ಮೇಲೊಂದು ಅಂಟಿಸಿದೆ. ಅದನ್ನು ಮನೆಯಲ್ಲಿ ಊಟದ ಹೊತ್ತಿಗೆ ನಗುತ್ತಾ ಹೇಳಿದವಳೂ ನಾನೇ. ಅತ್ತೆ ನಗಲಿಲ್ಲ. ಹತ್ತು ದಿನದಿಂದ ಎಣ್ಣೆಯಿಲ್ಲದೆ ಬೇಯಿಸಿ ಹಾಕುತ್ತಿದ್ದವರು ಅವರು.

ಅವತ್ತು ನೀವು ನನ್ನನ್ನು ಕರೆದು, "ಇವರು ನಿಂಗೆ ಗೊತ್ತಾ?" ಎಂದಿರಿ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ಈ ಹುಡುಗೀನ ನಾನು ನೋಡೇ ಇಲ್ಲಪ್ಪ" ಅಂದುಬಿಟ್ಟರು. ನಾನೂ ಗೊತ್ತಿಲ್ಲವೆಂದು ತಲೆಯಾಡಿಸಿದೆ. ಮನೆಗೆ ಹೋದ ಮೇಲೆ, "ಸುಮ್ನಿದ್ದೆಯಲ್ಲ, ಒಳ್ಳೇದಾಯ್ತು. ಕೆಲ್ಸ ಉಳೀತು, ಬಾ ಊಟಕ್ಕೆ" ಎಂದರು.

ಸಂಬಳದಲ್ಲಿ ಹಿಡಿದುಕೊಳ್ಳಿ, ಕೆಲಸದಿಂದ ತೆಗೆದರೂ ತಕರಾರಿಲ್ಲ. ಒಂದೇ ಕೋರಿಕೆ. ಬಾಗಿಲ ಪಕ್ಕದಲ್ಲಿ "ಇವರನ್ನು ಒಳಗೆ ಬಿಡಬೇಡಿ" ಎಂದು ಬರೆದು ಹಾಕಿರುವ ಅವರ ಫೋಟೊ ಅಲ್ಲಿಂದ ತೆಗೆಸಿ. ಅದನ್ನು ಅಂಟಿಸಲು ನೀವು ನನ್ನ ಕೈಗೇ ಕೊಟ್ಟಿರಿ. ನೀವು ನೋಡುತ್ತಾ ನಿಂತಿದ್ದಿರೆಂದು ನಾಲ್ಕು ಮೂಲೆಗೂ ಗಟ್ಟಿಯಾಗಿ ಗಮ್ ಹಚ್ಚಿದೆ. ನಿನ್ನೆ ಸಂಜೆ ಉಗುರಿನಿಂದ ಕೆರೆದು ನೋಡಿದೆ, ಬರಲಿಲ್ಲ.

ಇಂತಿ,
ಅವರ ಸೊಸೆ