ಕೊಟ್ಟ ನಾಯಿ ಏನಾತು?

ವಾಸ್ಕೋ
14 ನವೆಂಬರ್ 2025, ಶುಕ್ರವಾರ

ನನ್ನ ಮುದ್ದಿನ ಮೊಮ್ಮಗ ಪರ್ವೇಜಗ ಅಜ್ಜ ಹುಸೇನಸಾಬನ ಸಲಾಂ.

ಹೆಂಗದೀಯಪಾ? ರತ್ನಾಗಿರಿ ಹವಾ ಮೈಗೆ ಹತ್ತೇತೇನು? ಬೋಟಿನ ಇಂಜಿನ್ ಬಿಚ್ಚೂ ಗದ್ದಲದಾಗ ಹೊತ್ತಿಗೆ ಸರಿಯಾಗಿ ಊಟ ಮಾಡಾಕತ್ತೀಯೋ, ಇಲ್ಲಾ ವಡಾಪಾವ್ ಮ್ಯಾಲೇ ದಿನಾ ದೂಡಾಕತ್ತೀಯೋ? ನಾ ಚಲೋ ಅದೇನಿ. ಮೊಣಕಾಲ ಒಂದ ಮಾತ ಕೇಳವಲ್ಲದು, ಉಳಿದದ್ದೆಲ್ಲಾ ಕೇಳ್ತೇತಿ. ಎಂಟ ದಿನದಿಂದ ನೀ ಫೋನ್ ಎತ್ತವಲ್ಲಿ. ಕಡೀ ಸಲ ಎತ್ತಿದಾಗೂ ನಡಬರಕ ಕಟ್ ಮಾಡಿದಿ. ಚೀಟಿ ಆದ್ರ ಕಟ್ ಮಾಡಾಕ ಬರಂಗಿಲ್ಲ ನೋಡು, ಅದಕ್ಕ ಬರ್ಯಾಕ ಕುಂತೇನಿ. ನಮ್ಮ ಓಣಿ ಲಾರಿ ಡ್ರೈವರ್ ರವಿಕುಮಾರ ಇವತ್ತ ಆ ಕಡೆ ಹೊಂಟಾನ, ಅವನ ಕೈಯಾಗ ಕೊಟ್ಟ ಕಳಸ್ತೇನಿ.

ಮೊದಲ ನಿನ್ನ ತಂಗಿ ಸುದ್ದಿ. ಜಾಸ್ಮೀನ ಈ ವಾರ ಆರಾಮ ಅದಾಳ, ಅಂದ್ರ ಜಗಳಾಡುವಷ್ಟು ಆರಾಮ. ಎಲುಬಿನೊಳಗಿನ ಮಜ್ಜಿ ರಕ್ತ ಮಾಡೂದು ಬಿಟ್ಟು ನಾಕ ತಿಂಗಳಾತು. ಹದಿನೈದ ದಿನಕ್ಕೊಮ್ಮೆ ಮಂದಿ ರಕ್ತ ಏರಿಸಿಕೊಂಡು ಬಂದು, ಮಾಸ್ಕ್ ಹಾಕ್ಕೊಂಡು, ಮನಿ ತುಂಬ ಹುಕುಂ ಹೊಡಿತಾಳ. ಮೊನ್ನೆ ಡಾಕ್ಟರಬಾಯಿ ಅಕಿಗೆ ತಿಳಿಸಿ ಹೇಳಿದ್ರು: ಅಣ್ಣನ ಮಜ್ಜಿ ಕೂಡಿದ್ರ ಅದನ್ನ ನಿನಗ ಹಾಕ್ತೇವಿ, ಆಮ್ಯಾಲೆ ನಿನ್ನ ಮೈಯಾಗ ಅವನ ರಕ್ತಾನ ತಯಾರ ಅಕ್ಕೇತಿ ಅಂತ. ಈಕಿ ಭಾಳ ವಿಚಾರ ಮಾಡಿ ಕೇಳಿದ್ಲು, "ಹಂಗಾರ ನನಗೂ ಅವನ್ಹಂಗ ಗೊರಕಿ ಬರ್ತಾವೇನ್ರಿ?" ಡಾಕ್ಟರಬಾಯಿ ನಕ್ಕೋತ ಕುರ್ಚಿ ಹಿಡಕೊಂಡ್ರು. ನಿಮ್ಮ ಅವ್ವ ಮೌಲಾಬಿ ಎಷ್ಟೋ ದಿನದ ಮ್ಯಾಲೆ ಹಲ್ಲ ಕಾಣೂಹಂಗ ನಕ್ಕಿದ್ದು ಅವತ್ತೇ.

ಈಗ ನಿನ್ನ ಮಾತು. ಕಡೀಗೆ ಫೋನ್ ಮಾಡಿದಾಗ ನೀ ಒಂದ ಪ್ರಶ್ನೆ ಕೇಳಿದಿ, "ಕೊಟ್ಟ ನಾಯಿ ಏನಾತು, ಅಜ್ಜಾ?" ಅಂತ. ನಾ ಊಟಾತೇನು ಅಂತ ಮಾತ ತಿರುವಿದೆ. ನೀ ಫೋನ್ ಇಟ್ಟಿ. ಎಂಟ ದಿನ ಆ ಪ್ರಶ್ನೆ ನನ್ನ ತಟ್ಟಿಯಾಗ ಬಂದ ಕುಂತೇತಿ, ಅನ್ನ ಇಳೀವಲ್ಲದು. ನೀ ಸಣ್ಣಾಂವಿದ್ದಾಗ ಆ ಕಥಿ ನೂರ ಸಲ ಹೇಳೇನಿ, ಆದ್ರ ಯಾವಾಗೂ ಅರ್ಧಾನ ಹೇಳೇನಿ. ಇವತ್ತ ಪೂರಾ ಹೇಳ್ತೇನಿ ಕೇಳು.

ನಾ ಇಪ್ಪತ್ತನಾಕರ ಪ್ರಾಯದಾಗ ಮುಂಬೈಯ ಒಂದ ದೊಡ್ಡ ದವಾಖಾನಿಯೊಳಗ ನಾಯಿಮನಿ ನೋಡ್ಕೋತಿದ್ದೆ. ಮೈ ತೊಳಿಯೂದು, ಅನ್ನ ಹಾಕೂದು, ಅಡ್ಡಾಡಿಸೂದು. ಅಲ್ಲಿ ಡಾಕ್ಟರ್ ಮಂದಿ ಒಂದ ನಾಯಿಯ ಹೃದಯ ತಗದು ಇನ್ನೊಂದಕ್ಕ ಹಾಕಿ ನೋಡ್ತಿದ್ರು, ಮುಂದ ಮನಷ್ಯಾರಿಗೆ ಉಪಯೋಗ ಆಗ್ಲಿ ಅಂತ. ಒಂದಕ್ಕೊಂದು ಸಂಬಂಧ ಇಲ್ಲದ ನಾಯಿಗಳಾದ್ರ ಎಂಟ ಹತ್ತ ದಿನಕ್ಕ ಆ ಹೃದಯ ನಿಂತ ಬಿಡ್ತಿತ್ತು. ಪರಕೀದು ಅಂತ ಮೈ ಗುರ್ತ ಹಿಡಿದು ಹೊರಗ ಹಾಕತೈತಿ ಅಂತಿದ್ರು. ಆಮ್ಯಾಲೆ ಒಂದ ಸೂಲಿನ ಮರಿಗಳ ರಕ್ತ ತಗದು, ಯಾವದಕ್ಕ ಯಾವದು ಕೂಡತೈತಿ ಅಂತ ತಪಾಸ ಮಾಡಿದ್ರು. ಅದರಾಗ ಎರಡ ಮರಿ ಪೂರಾ ಕೂಡಿದ್ವು. ಎರಡಕ್ಕೂ ಹೆಸರಿಟ್ಟಾವ ನಾನ, ಕಾಳ್ಯಾ ಮತ್ತ ಚಂದ್ಯಾ. ಕಾಳ್ಯಾನ ಹೃದಯ ಚಂದ್ಯಾಗ ಹಾಕಿದ್ರು. ಹತ್ತ ದಿನ ಆತು, ತಿಂಗಳಾತು, ವರ್ಷಾತು. ಮೂರ ವರ್ಷ ಚಂದ್ಯಾ ನನ್ನ ಹಿಂದ ಓಡ್ಯಾಡಿತು, ನನ್ನ ಎರಡ ಜೋಡ ಚಪ್ಪಲಿ ಕಡದ ತಿಂತು. ಇಷ್ಟ ನಾ ನಿನಗ ಹೇಳತಿದ್ದದ್ದು.

ಕಾಳ್ಯಾ ಸತ್ತಿತು, ಪರ್ವೇಜ. ಹೃದಯ ಕೊಟ್ಟಾಂವ ಉಳಿಯೂದು ಹೆಂಗ? ಅವತ್ತ ಮುಂಜಾನೆ ನಾನ ಅದನ್ನ ಎತ್ಕೊಂಡ ಹೋಗಿ ಆಪರೇಷನ್ ಖೋಲಿ ಬಾಗಲದಾಗ ಬಿಟ್ಟ ಬಂದೆ. ಅದು ನನ್ನ ಗದ್ದ ನೆಕ್ಕಿತು. ಆಮ್ಯಾಲೆ ಹಿತ್ತಲದಾಗ ಕುಂತ ಅತ್ತೆ. ಐವತ್ತ ವರ್ಷ ಯಾರ ಮುಂದೂ ಬಾಯಿ ಬಿಟ್ಟಿಲ್ಲ. ನಿನ್ನಂಥ ಹುಡುಗ ಅದನ್ನ ತಾನ ಊಹಾ ಮಾಡ್ಕೊಂಡು ಒಳಗೊಳಗ ಅಂಜಿಕೊಂಡಾನು ಅಂತ ನನಗ ಹೊಳೀಲೇ ಇಲ್ಲ. ತಪ್ಪ ನಂದು.

ಅದಕ್ಕ ನಿನ್ನೆ ನಾನ ದವಾಖಾನಿಗೆ ಹೋಗಿ ಡಾಕ್ಟರಬಾಯಿಗೆ ನೆಟ್ಟಗ ಕೇಳಿದೆ, "ಕೊಟ್ಟಾಂವಗ ಏನಕ್ಕೇತ್ರಿ?" ಅಂತ. ಅವರು ನನ್ನ ಕುಂಡ್ರಿಸಿ ಹೇಳಿದ್ರು. ಹೃದಯ ಒಂದ ಇರತೈತಿ ಅಜ್ಜಾರ, ಕೊಟ್ರ ಹೋತು. ಮಜ್ಜಿ ಹಂಗಲ್ಲ, ಕೆಲವ ವಾರದಾಗ ಮತ್ತ ತುಂಬ್ತೇತಿ. ಬೆನ್ನಹುರಿ ಮುಟ್ಟಂಗಿಲ್ಲ, ಟೊಂಕದ ಎಲುಬಿನಿಂದ ಸೂಜಿಲೆ ತಗೀತಾರ, ಆವಾಗ ಕೊಡಾಂವಗ ನಿದ್ದಿ ಬರಿಸಿರ್ತಾರ. ನಾಕೈದ ದಿನ ಟೊಂಕ ನೋಯತೈತಿ. ಗಂಡಾಂತರ ಅಗದೀ ಕಡಿಮಿ, ಇಲ್ಲೇ ಇಲ್ಲ ಅಂತ ಮಾತ್ರ ಹೇಳಂಗಿಲ್ಲ ಅಂದ್ರು. ಖರೇ ಹೇಳೂ ಡಾಕ್ಟರು, ಅದಕ್ಕ ನನಗ ಚಲೋ ಅನಿಸಿತು. ಇಂಜಿನ್ ಎತ್ತೂ ಹುಡುಗ ಮತ್ತ ಇಂಜಿನ್ ಎತ್ತತಾನೋ ಇಲ್ಲೋ ಅಂದೆ. ಎತ್ತತಾನ ಅಂದ್ರು.

ತಪಾಸಿಗೆ ರಕ್ತ ಕೊಟ್ಟ ಹೋದಿಯಲ್ಲ, ಅದ ದೊಡ್ಡದು. ಒಡಹುಟ್ಟಿದವರಾಗ ನಾಕರಾಗ ಒಬ್ಬರಿಗೆ ಕೂಡತೈತಂತ, ಕೂಡದಿದ್ರ ಬ್ಯಾರೆ ಹಾದಿ ಹುಡಕೂಣು. ನಿನ್ನ ಮ್ಯಾಲೆ ಯಾರದೂ ಸಿಟ್ಟಿಲ್ಲ. ಹೊತ್ತಿಗೆ ಉಣ್ಣು, ಎಣ್ಣಿಗೈ ತೊಳಕೊಂಡ ಉಣ್ಣು. ನಿನ್ನ ಸಾಹುಕಾರ್ರಿಗೆ ನನ್ನ ಸಲಾಂ ಹೇಳು. ಅಲ್ಲಾ ನಿನ್ನ ಕೈಕಾಲಿಗೆ ಕಸುವು ಕೊಡ್ಲಿ, ನಿದ್ದಿಗೆ ಸಮಾಧಾನ ಕೊಡ್ಲಿ.

ನಿನ್ನ ಅಜ್ಜ,
ಹುಸೇನಸಾಬ

ತಾ.ಕ.: ರವಿಕುಮಾರ ಹಾರ್ನ್ ಹೊಡ್ಯಾಕತ್ತಾನ, ಗಡಬಡಿಸಿ ಬರ್ಯಾಕತ್ತೇನಿ. ಈಗ ನಿಮ್ಮ ಅವ್ವ ದವಾಖಾನಿಂದ ರಿಪೋರ್ಟ್ ತಗೊಂಡ ಬಂದ್ಲು. ಕೂಡೇತಿ ಪರ್ವೇಜ. ಹತ್ತಕ್ಕ ಹತ್ತ ಕೂಡೇತಿ! ಅಕಿ ಹೊಸ್ತಲಾ ದಾಟಲಾರದ ಅಲ್ಲೇ ಕುಂತು ಅಳಾಕತ್ತಾಳ, ನಗಾಕತ್ತಾಳ. ಜಾಸ್ಮೀನಗ ಇನ್ನೂ ಹೇಳಿಲ್ಲ, ಹೇಳಬ್ಯಾಡ ಅಂದೇನಿ. ಹೂಂ ಅನ್ನೂದು ನಿನ್ನ ಕೈಯಾಗ ಐತಿ, ಹೂಂ ಅಂದ್ರ ಸುದ್ದಿ ನೀನ ಅಕಿಗೆ ಹೇಳು. ಸೋಮವಾರದ ಗಾಡಿಗೆ ಬಂದ್ರ ಮಡಗಾಂವ ಸ್ಟೇಷನ್ನಿಗೆ ನಾನ ಬರ್ತೇನಿ. ಅಂಜಿಕಿ ಇನ್ನೂ ಹೋಗಿರದಿದ್ರ ಅದನ್ನೂ ಕರಕೊಂಡ ಬಾ. ಈ ಸಲ ನಾ ಬಾಗಲದಾಗ ಬಿಟ್ಟ ಬರಂಗಿಲ್ಲ, ನೀ ಕಣ್ಣ ತಗಿಯೂತನಕ ಬಾಜೂಕ ಕುಂದರತೇನಿ.