ನಾಲ್ಕು ನಿಮಿಷ ಮುಂಚೆ

ಜನವರಿ 6, ಬೆಳಿಗ್ಗೆ
ಇವತ್ತೂ ಆ್ಯಂಟೆನಾ ಸ್ಟೇಷನ್ನಿಗೆ. ನನ್ನ ಕಾಲದ ಚಾರ್ಟುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುತ್ತಿದ್ದಾರೆ. ನನ್ನ ಕಾಗೆಕಾಲು ಗುಬ್ಬಿಕಾಲು ಓದಲು ನಾನೇ ಬೇಕಂತೆ! ಬೇರೆ ಲೋಕದವರ ಸದ್ದಿಗೆಂದು ಇಪ್ಪತ್ತಾರು ವರ್ಷ ಕಿವಿಗೊಟ್ಟು ಕೂತು, ದಿನಾ ಬರೆದದ್ದು ಒಂದೇ ಸಾಲು— 'ಏನೂ ಕೇಳಿಸಲಿಲ್ಲ.' ಆದರೂ ಇಸ್ತ್ರಿ ಶರ್ಟು ಹಾಕಿಕೊಂಡೆ. ಖುಷಿ, ಸುಳ್ಳೇಕೆ.

ಜನವರಿ 9
ಇಂಜಿನಿಯರ್ ಹುಡುಗಿ ಕುಣಿಯುವುದೊಂದು ಬಾಕಿ. "ಸರ್, ನೋಡಿ! ಪ್ರತಿ ಚಳಿಗಾಲ, ಇದೇ ನಕ್ಷತ್ರ ನೆತ್ತಿ ದಾಟಿದ ತಕ್ಷಣ ಒಂದು ಸಿಗ್ನಲ್. ದಿನಾ ನಾಲ್ಕು ನಿಮಿಷ ಮುಂಚೆ, ನಕ್ಷತ್ರದ ಲೆಕ್ಕಕ್ಕೆ ಸರಿಯಾಗಿ. ಭೂಮಿ ಮೇಲಿನ ಗಲಾಟೆಯಾದ್ರೆ ಗಡಿಯಾರ ನೋಡ್ಕೊಂಡು ಬರುತ್ತೆ, ಅಲ್ವಾ?"
ಚಾರ್ಟಿನ ಮೇಲಿನ ಆ ಗೀಟನ್ನು ಬೆರಳಿಂದ ಸವರಿದೆ.
"ಹನ್ನೊಂದು ವರ್ಷ ಬಂತು. ಆಮೇಲೆ ನಿಂತೇಹೋಯ್ತು. ಅಳಿದುಹೋದ್ರೋ ಏನೋ, ಪಾಪ. ಅದಕ್ಕೇ ಯಾರೂ ಸಿಗಲ್ಲ ಸರ್. ನಾವು ಕಿವಿಗೊಡೋಷ್ಟರಲ್ಲಿ ಅವರು ಇರೋದೇ ಇಲ್ಲ."
ಬಾತ್‌ರೂಮಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಅತ್ತೆ.

ಜನವರಿ 10
ಅದು ನನ್ನ ಹೆಂಡತಿಯ ಮೊಪೆಡ್.
ಆ್ಯಂಟೆನಾ ಹತ್ತಿರ ಎಂಜಿನ್ ತರಬಾರದು. ಪ್ಲಗ್ಗಿನ ಕಿಡಿಯೂ ಚಾರ್ಟಿನ ಮೇಲೆ ಗೀಚುತ್ತದೆ. ಆ ರೂಲ್ಸ್ ಬೋರ್ಡ್ ಬರೆದವನೇ ನಾನು! ನಕ್ಷತ್ರ ದಾಟುವವರೆಗೆ ಕುರ್ಚಿ ಬಿಡುವಂತಿಲ್ಲ. ಅದೋ, ದಿನಕ್ಕೆ ನಾಲ್ಕು ನಿಮಿಷ ಮುಂಚೆ ಬರುವ ಪ್ರಾಣಿ. ಚಳಿಗಾಲದಲ್ಲಿ ಅದು ದಾಟುವುದು ಊಟದ ಹೊತ್ತಿಗೇ. ಮೂರು ಗಂಟೆಯ ಊಟ ತಿಂಗಳು ಕಳೆಯುವಷ್ಟರಲ್ಲಿ ಒಂದಕ್ಕೆ. "ನಿಮ್ಮ ನಕ್ಷತ್ರಕ್ಕೆ ಹೊಟ್ಟೆ ಹಸಿಯಲ್ವೇನ್ರಿ? ನಡ್ಕೊಂಡು ಬಂದ್ರೆ ಎಲ್ಲಾ ತಣ್ಣಗಾಗುತ್ತೆ" ಎಂದು ಬುತ್ತಿ ಹಿಡಿದು ಗೇಟಿನವರೆಗೂ ಗಾಡಿಯಲ್ಲೇ ಬರುತ್ತಿದ್ದಳು. ಚಾರ್ಟಿನ ಪೆನ್ನು ಜಿಗಿದರೆ ಸಾಕು, ನನಗೆ ಹಸಿವು. ಬರೆಯುತ್ತಿದ್ದುದು ಮಾತ್ರ— 'ಏನೂ ಕೇಳಿಸಲಿಲ್ಲ.'

ಫೆಬ್ರವರಿ 2
ಹೋಗಿಲ್ಲ. ಜ್ವರ ಎಂದು ಸುಳ್ಳು. ಸ್ಟೇಷನ್ ಮುಚ್ಚುವ ಮಾತಿದೆ. ಈ ಸಿಗ್ನಲ್ ತೋರಿಸಿ ಉಳಿಸಿಕೊಳ್ಳೋಣ ಸರ್ ಎಂದು ಹುಡುಗಿಯ ಫೋನ್. ಬಾಯಿಬಿಟ್ಟರೆ ಅವಳ ಆಸೆಗೂ ಕಲ್ಲು, ನನ್ನ ಹೆಸರಿಗೂ ಮಸಿ. ಬಿಡದಿದ್ದರೆ... ನನ್ನವಳು ಯಾವುದೋ ಗ್ರಹದ ಜೀವಿ ಆಗಿಬಿಡುತ್ತಾಳಲ್ಲ! ಕೇಳಿದ್ದರೆ ಬಿದ್ದು ಬಿದ್ದು ನಗುತ್ತಿದ್ದಳು.

ಫೆಬ್ರವರಿ 5, ಸಂಜೆ
ಹೇಳಿಬಿಟ್ಟೆ. ಹುಡುಗಿಯ ಮುಖ ಸಪ್ಪಗಾಯಿತು. ಬೈಯಲಿಲ್ಲ. ಕೇಳಿದಳು, "ಮತ್ತೆ, ನಿಂತಿದ್ದು?"
"ಜನವರಿ ಹದಿನಾಲ್ಕು. ಆಸ್ಪತ್ರೆಗೆ ಸೇರಿಸಿದ ದಿನ. ಮನೆಗೆ ವಾಪಸ್ ಬರ್ಲಿಲ್ಲಮ್ಮ."
ಕಣ್ಣೊರೆಸಿಕೊಂಡು ಚಾರ್ಟನ್ನು ನನ್ನ ಕಡೆ ಸರಿಸಿದಳು. "ನೀವೇ ತಿದ್ದಿಬಿಡಿ ಸರ್."
'ಏನೂ ಕೇಳಿಸಲಿಲ್ಲ'— ಹೊಡೆದುಹಾಕಿದೆ. ಕೆಳಗೆ ಬರೆದೆ: ಕೇಳಿಸಿತು. ಮೂಲ— ನನ್ನ ಹೆಂಡತಿ. ದೂರ— ಆಗ ಗೇಟಿನಷ್ಟು. ಈಗ...